ಜಿಗಣಿ ಕಾಟಕ್ಕೆ ಉಪ್ಪು ಹಿಡಿದ ಸಾಕ್ಸ್

ದಸರಾ ರಜೆಯಲ್ಲಿ ಬೆಳಗಾವಿಯಿಂದ ಅನಮೋಡ ಘಾಟ್ ಇಳಿದು ಗೋವಾದ ಮೊಲ್ಲೆಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಹಿಂದಿನ ದಿನವೇ ಮೊಣಕಾಲು ಮುಟ್ಟುವ ದಪ್ಪ ಸಾಕ್ಸನ್ನು ಗಟ್ಟಿ ಉಪ್ಪುನೀರಲ್ಲಿ ನೆನೆಸಿ, ಜಾಸ್ತಿ ಹಿಂಡದೆ ಹಾಗೇ ಒಣಗಿಸಿ ಇಟ್ಟುಕೊಳ್ಳಿ. ಹಾಕಿಕೊಳ್ಳುವಾಗ ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಹೋಗಬೇಕು, ಹೊರಗಲ್ಲ. ಮಳೆ ನಿಂತರೂ ಆ ಕಾಡಿನ ನೆಲ ಇನ್ನೂ ಹಸಿಯಾಗೇ ಇರುತ್ತದೆ, ಕೊಳೆತ ಎಲೆಯ ಕೆಳಗೆ ಜಿಗಣಿ ಕಾದಿರುತ್ತವೆ. ಬೆಂಕಿಕಡ್ಡಿಗಿಂತ ಸಣ್ಣಗಿದ್ದು ತೆಳು ಸಾಕ್ಸಿನ ಹೆಣಿಗೆಯೊಳಗೇ ನುಸುಳುತ್ತವೆ. ಉಪ್ಪು ಅವುಗಳ ಮೈಯ ನೀರನ್ನು ಎಳೆದುಬಿಡುತ್ತದೆ, ಅದಕ್ಕೇ ಸಾಕ್ಸ್ ಮುಟ್ಟಿದ ಕೂಡಲೇ ಹೆಚ್ಚಿನವು ಮುದುಡಿ ಉದುರುತ್ತವೆ. ಹಳ್ಳ ದಾಟಿದರೆ ಅಥವಾ ಒಂದು ಜೋರು ಮಳೆ ಬಂದರೆ ಮಾತ್ರ ಉಪ್ಪು ತೊಳೆದುಹೋಗುತ್ತದೆ, ಆಮೇಲೆ ಅದು ಬರೀ ಸಾಕ್ಸ್. ಹಾಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಇನ್ನೊಂದು ಒಣ ಜೊತೆ ಇರಲಿ. ಕಾಲಲ್ಲಿ ಗಾಯ, ಒಡಕು ಇದ್ದವರಿಗೆ ಇದು ಬೇಡ, ತುಂಬಾ ಉರಿಯುತ್ತದೆ. ಕಚ್ಚಿಬಿಟ್ಟರೆ ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ತಾಗಿಸಿ ಪಕ್ಕಕ್ಕೆ ಸರಿಸಿದರೆ ಬಾಯಿ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಗಾಬರಿ ಬೇಡ, ಒತ್ತಿ ಹಿಡಿಯಿರಿ. ವಿಜಯಪುರ, ಬಾಗಲಕೋಟೆಯ ಬಯಲಿನಿಂದ ಬರುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ, ಕಾಲಿನ ಮೇಲೆ ರಕ್ತ ಕಂಡರೆ ಹೆದರುತ್ತವೆ. ಖಾನಾಪುರದ ಕಡೆ ಭೀಮಗಡದ ಕಾಡಲ್ಲೂ ಇದೇ ಉಪಾಯ ಸಾಕು. ಆದರೆ ದಾರಿ ಮೇಲೆ ಉಪ್ಪು ಚೆಲ್ಲಬೇಡಿ ಪ್ಲೀಸ್, ಅಲ್ಲಿನ ಕಪ್ಪೆಗಳ ತೆಳು ಚರ್ಮಕ್ಕೂ ಅದು ಅಷ್ಟೇ ಕೆಟ್ಟದ್ದು.