ಐದು ವ್ಯಾಟಿನ ವಾಲ್ವ್ ಆಂಪ್, ಬಳ್ಳಾರಿಯ ಕರೆಂಟು

ಕೌಲ್ ಬಜಾರಿನ ನಮ್ಮ ಮನೆಯ ಮೇಲೆ ಶೀಟು ಹಾಕಿದ ಒಂದು ಸಣ್ಣ ಕೋಣೆ ಇದೆ. ಹಗಲು ಅಲ್ಲೇ ಕೂತು ಇನ್ವರ್ಟರ್, ಸ್ಟೆಬಿಲೈಸರ್ ರಿಪೇರಿ ಮಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಅದೇ ಟೇಬಲ್ ಪಕ್ಕ ಗಿಟಾರ್ ಹಿಡಿಯುತ್ತೇನೆ. ಗಣೇಶನ ಹಬ್ಬಕ್ಕೆ, ಮದುವೆಗಳಿಗೆ ಆರ್ಕೆಸ್ಟ್ರಾ ಜೊತೆ ಹೋಗಿ ನುಡಿಸುವುದೂ ಉಂಟು. ಗಿಟಾರಿನ ದನಿ ಜೋರು ಮಾಡುವ, ಗಾಜಿನ ವಾಲ್ವುಗಳಿಂದ ನಡೆಯುವ ಆಂಪ್ಲಿಫೈಯರ್, ಅಂದರೆ ವಾಲ್ವ್ ಆಂಪ್ ಬೇಕು ಅನ್ನುವ ಆಸೆ ತುಂಬಾ ಹಳೆಯದು. ಅಪ್ಪನ ಹತ್ತಿರ ಒಂದು ವಾಲ್ವ್ ರೇಡಿಯೋ ಇತ್ತು. ಸ್ವಿಚ್ ಹಾಕಿದರೆ ಅರ್ಧ ನಿಮಿಷ ಸುಮ್ಮನಿದ್ದು, ಆಮೇಲೆ ಮೆಲ್ಲಗೆ ದನಿ ಏರಿ ಬರುತ್ತಿತ್ತು. ಬೆಂಗಳೂರಿನ ಬಿಇಎಲ್ ಕಂಪನಿಯೇ ಆ ಕಾಲದಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು. ಅಪ್ಪ ಆ ಗಾಜಿನ ಬುರುಡೆಗಳನ್ನು ಹತ್ತಿಯಲ್ಲಿ ಸುತ್ತಿ ಇಡುತ್ತಿದ್ದರು.

ದೊಡ್ಡ ವಾಲ್ವ್ ಆಂಪಿಗೆ ದುಡ್ಡು ಸಾಲುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ಐದು ವ್ಯಾಟ್. ಒಳಗೆ ಎರಡು ವಾಲ್ವ್: ಗಿಟಾರಿನ ಸಣ್ಣ ದನಿಯನ್ನು ಮೊದಲು ಏರಿಸುವ 12ಎಎಕ್ಸ್7, ಸ್ಪೀಕರ್ ದುಡಿಸುವ ಪವರ್ ವಾಲ್ವ್ ಇಎಲ್84. ಎಂಟು ಇಂಚಿನ ಸ್ಪೀಕರ್, ಮುಂದೆ ಒಂದೇ ಒಂದು ವಾಲ್ಯೂಮ್ ಗುಂಡಿ. ಐದು ವ್ಯಾಟ್ ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ವಾಲ್ವ್ ಆಂಪಿನ ರುಚಿ ಗೊತ್ತಾಗುವುದು ಅದನ್ನು ಪೂರ್ತಿ ದುಡಿಸಿದಾಗ. 50 ವ್ಯಾಟಿನದನ್ನು ಮನೆಯಲ್ಲಿ ಅಷ್ಟು ದುಡಿಸಲು ಆಗುತ್ತಾ? ಐದು ವ್ಯಾಟಿಗೇ ಪಕ್ಕದ ಮನೆ ಕಿಟಕಿ ಮುಚ್ಚುತ್ತದೆ.

ಇಂಥ ಅಗ್ಗದ ಆಂಪ್ ತಂದವರು ಮೊದಲು ವಾಲ್ವ್ ಬದಲಾಯಿಸುತ್ತಾರೆ, ಇಲ್ಲ ದುಬಾರಿ ಕಂಡೆನ್ಸರ್ ತರಿಸುತ್ತಾರೆ. ನಾನು ಹೇಳುವುದು ಬೇರೆ. ಮೊದಲು ಮೀಟರ್ ಹಿಡಿದು ಅಳೆಯಿರಿ. ಯಾವುದೋ ದೇಶದ ಲೆಕ್ಕಕ್ಕೆ ಮಾಡಿದ ಆಂಪ್ ನಮ್ಮೂರ ಕರೆಂಟಿನಲ್ಲಿ, ನಮ್ಮೂರ ಬಿಸಿಲಿನಲ್ಲಿ ಹೇಗಿದೆ ಅಂತ ನೋಡದೆ ಬೇರೆ ಏನು ಮಾಡಿದರೂ ದುಡ್ಡು ದಂಡ.

ಅದಕ್ಕೂ ಮೊದಲು ಒಂದು ಮಾತು. ಈ ಡಬ್ಬಿಯ ಒಳಗೆ 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ, ಡಿಸಿಯನ್ನು ಸಮ ಮಾಡಲು ಕರೆಂಟು ತುಂಬಿಟ್ಟುಕೊಳ್ಳುವ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರುತ್ತದೆ. ಜೀವಕ್ಕೆ ಎರವಾಗುವಷ್ಟು. ಒಂದು ಸಲ ಅವಸರದಲ್ಲಿ ಮುಟ್ಟಿ ಮೊಣಕೈವರೆಗೂ ಹೊಡೆಸಿಕೊಂಡಿದ್ದೇನೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ 10 ಕೆ (10,000 ಓಮ್ಸ್), 5 ವ್ಯಾಟಿನ ಒಂದು ರೆಸಿಸ್ಟರ್‌ಗೆ ಉದ್ದ ವೈರು, ಕ್ಲಿಪ್ಪು ಹಾಕಿ ಇಟ್ಟುಕೊಂಡಿದ್ದೇನೆ. ಪ್ಲಗ್ ಕಿತ್ತ ಮೇಲೆ ಅದರಿಂದ ಕಂಡೆನ್ಸರ್ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೇ ಕೈ ಹಾಕುವುದು. ಆನ್ ಇದ್ದಾಗ ಅಳೆಯಬೇಕಾದರೆ ಎಡಗೈ ಬೆನ್ನ ಹಿಂದೆ. ಮೀಟರಿನ ಕಪ್ಪು ವೈರನ್ನು ಮೊದಲೇ ಕ್ಲಿಪ್ ಹಾಕಿ ಚಾಸಿಗೆ, ಅಂದರೆ ಆಂಪಿನ ಲೋಹದ ಡಬ್ಬಿಗೆ, ಕಚ್ಚಿಸಿಬಿಡಬೇಕು. ಈ ಕೆಲಸ ಗೊತ್ತಿಲ್ಲದವರು ಗೊತ್ತಿರುವವರ ಪಕ್ಕ ಕೂತು ಕಲಿಯಬೇಕು. ಒಬ್ಬರೇ ಇರುವಾಗ ಬೇಡವೇ ಬೇಡ.

ಈಗ ಅಳತೆ. ಲೆಕ್ಕಕ್ಕೆ ನಮ್ಮ ಲೈನು 230 ವೋಲ್ಟ್. ಬೇಸಿಗೆ ಸಂಜೆ ಎಲ್ಲರೂ ಕೂಲರ್, ಎಸಿ ಹಾಕಿದಾಗ ನನ್ನ ಮನೆಯಲ್ಲಿ 205ಕ್ಕೆ ಇಳಿದದ್ದು ನೋಡಿದ್ದೇನೆ. ರಾತ್ರಿ ಹನ್ನೊಂದರ ಮೇಲೆ 248ಕ್ಕೆ ಏರುತ್ತದೆ. ನಾನು ನುಡಿಸುವುದೇ ಆ ಹೊತ್ತಿಗೆ. ಆಗ ಇಎಲ್84ರ ಪ್ಲೇಟಿನಲ್ಲಿ, ಅಂದರೆ ಎಲೆಕ್ಟ್ರಾನ್ ಬಂದು ಸೇರುವ ಹೊರಗಿನ ಲೋಹದಲ್ಲಿ, 312 ವೋಲ್ಟ್ ಇತ್ತು. ಎಲೆಕ್ಟ್ರಾನ್ ಹೊರಡುವ ಕ್ಯಾಥೋಡಿನಲ್ಲಿ 130 ಓಮ್ಸ್ ರೆಸಿಸ್ಟರ್, ಅದರ ಮೇಲೆ 7.3 ವೋಲ್ಟ್. ಭಾಗಿಸಿದರೆ 56 ಮಿಲಿಆಂಪ್. ಅದರಲ್ಲಿ ನಡುವಿನ ಜಾಲರಿಯ, ಅಂದರೆ ಸ್ಕ್ರೀನಿನ, ಪಾಲು ಸುಮಾರು 5 ತೆಗೆದರೆ ಪ್ಲೇಟಿನ ಪಾಲು 51. ಇದನ್ನು 305 ವೋಲ್ಟಿನಿಂದ (312ರಲ್ಲಿ ಆ 7.3 ಕಳೆದು) ಗುಣಿಸಿ. ಹದಿನೈದೂವರೆ ವ್ಯಾಟ್! ಈ ವಾಲ್ವಿನ ಪ್ಲೇಟು ತಡೆಯುವುದು 12 ವ್ಯಾಟ್ ಮಾತ್ರ. ದೀಪ ಆರಿಸಿ ನೋಡಿದೆ. ಕ್ಯಾಥೋಡನ್ನು ಬಿಸಿ ಮಾಡುವ ಫಿಲಮೆಂಟು ಕೆಂಪಗಿರುವುದು ಸರಿ. ಆದರೆ ಹೊರಗಿನ ಬೂದು ಲೋಹದ ಮೇಲೂ, ಹೊಲಿಗೆಯ ಹತ್ತಿರ, ಸಣ್ಣಗೆ ಕೆಂಪು ಕಾಣುತ್ತಿತ್ತು. ಪಾಪ, ಬೇಯುತ್ತಿತ್ತು ಅದು.

ಕ್ಯಾಥೋಡಿಗೆ 270 ಓಮ್ಸ್, 5 ವ್ಯಾಟಿನ ರೆಸಿಸ್ಟರ್ ಹಾಕಿದೆ. ಅದರ ಮೇಲೆ 10.8 ವೋಲ್ಟ್ ಬಂತು, ಅಂದರೆ ಒಟ್ಟು 40 ಮಿಲಿಆಂಪ್. ಪ್ಲೇಟಿಗೆ ಹನ್ನೊಂದು ಚಿಲ್ಲರೆ ವ್ಯಾಟ್. ಕೆಂಪು ಹೋಯಿತು. ಹಾಕಿದ್ದು ಹತ್ತು ಹದಿನೈದು ರೂಪಾಯಿಯ ಸಾಮಾನು. ಫಿಲಮೆಂಟಿಗೂ 6.3 ಬದಲು 6.8 ಬರುತ್ತಿತ್ತು. ಅದಕ್ಕೆ 12 ವೋಲ್ಟಿನ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ತಂದು, ಅದರ ಸೆಕೆಂಡರಿಯನ್ನು (12 ವೋಲ್ಟ್ ಕೊಡುವ ಸುತ್ತು) ಲೈನಿನ ದಾರಿಯಲ್ಲಿ ಸೀರೀಸ್ ಆಗಿ, ಉಲ್ಟಾ ಸೇರಿಸಿದೆ. 248 ಬಂದರೆ 236 ಆಗಿ ಒಳಗೆ ಹೋಗುತ್ತದೆ. ಸ್ಟೆಬಿಲೈಸರ್ ರಿಪೇರಿ ಮಾಡುವವರಿಗೆ ಇದು ದಿನದ ಕೆಲಸ.

ಫಿಲ್ಟರ್ ಕಂಡೆನ್ಸರ್‌ಗಳನ್ನೂ ಬದಲಾಯಿಸಿದೆ. ಇದಕ್ಕೆ ಕಾರಣ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ. ಶೀಟಿನ ಕೆಳಗೆ, ವಾಲ್ವಿನ ಪಕ್ಕ, ಮುಚ್ಚಿದ ಡಬ್ಬಿಯೊಳಗೆ ಎಷ್ಟಿರಬೇಡ? ಎಲೆಕ್ಟ್ರೊಲಿಟಿಕ್ ಕಂಡೆನ್ಸರಿಗೆ ಶಾಖ ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧ ಆಗುತ್ತದೆ. ಇದ್ದದ್ದು 85 ಡಿಗ್ರಿಯವು. 105 ಡಿಗ್ರಿ, 450 ವೋಲ್ಟಿನವನ್ನು ಹಾಕಿದೆ.

ಇನ್ನು ಹಮ್. ಆಂಪ್ ಆನ್ ಮಾಡಿದರೆ ಹಿಂದೆ ಯಾರೋ ಗುಂಯ್ ಅಂತ ಶ್ರುತಿ ಹಿಡಿದು ಕೂತ ಹಾಗೆ ಇತ್ತು. ಇದನ್ನು ಪತ್ತೆ ಮಾಡಲು ಗಿಟಾರಿಗಿಂತ ಒಳ್ಳೆಯ ಉಪಕರಣ ಬೇಡ. ನಮ್ಮ ಕರೆಂಟು 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಅಲೆ 100 ಹರ್ಟ್ಸ್. ಗಿಟಾರಿನ ದಪ್ಪ ತಂತಿಯಲ್ಲಿ ಮೂರನೇ ಫ್ರೆಟ್ ಒತ್ತಿದರೆ 98 ಹರ್ಟ್ಸ್ ನುಡಿಯುತ್ತದೆ. ಅದನ್ನು ಮೀಟಿ, ಹಮ್ ಜೊತೆ ಹೋಲಿಸಿ ಕೇಳಿ. ಎರಡೂ ಒಂದೇ ಸ್ವರ ಅನ್ನಿಸಿದರೆ ಫಿಲ್ಟರ್ ಕಂಡೆನ್ಸರ್ ಕಡೆ ನೋಡಬೇಕು. ಹಮ್ ಒಂದು ಸ್ಥಾಯಿ ಕೆಳಗಿದ್ದರೆ ಫಿಲಮೆಂಟ್ ವೈರು, ಇಲ್ಲ ಅರ್ಥಿಂಗ್ ಕಡೆ. ನನ್ನದು ಕೆಳಗಿತ್ತು. 12ಎಎಕ್ಸ್7 ಕಿತ್ತಾಗ ನಿಂತೂ ಹೋಯಿತು. ಅಂದರೆ ಒಳಗೆ ಬರುತ್ತಿರುವುದು ಮೊದಲ ವಾಲ್ವಿನಲ್ಲೇ.

ಫಿಲಮೆಂಟಿನ ಎರಡು ವೈರುಗಳನ್ನು ಬಿಚ್ಚಿ, ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಹೊಸೆದು, ಡಬ್ಬಿಯ ಮೂಲೆ ಹಿಡಿದು ಒಯ್ದೆ. ಒಂದೊಂದು ವೈರಿನಿಂದಲೂ 100 ಓಮ್ಸ್ ರೆಸಿಸ್ಟರ್ ತಂದು ಎರಡನ್ನೂ ಒಂದು ಕಡೆ ಸೇರಿಸಿದೆ. ಆ ಜಾಗವನ್ನು ಅರ್ಥಿಗೆ ಕೊಡುವುದು ರೂಢಿ. ನಾನು ಇಎಲ್84ರ ಕ್ಯಾಥೋಡಿಗೆ ಕೊಟ್ಟೆ. ಅಲ್ಲಿ 10.8 ವೋಲ್ಟ್ ಪಾಸಿಟಿವ್ ಇದೆ ಅಲ್ವಾ? ಫಿಲಮೆಂಟು ಮೊದಲ ವಾಲ್ವಿನ ಕ್ಯಾಥೋಡಿಗಿಂತ ಮೇಲಿನ ವೋಲ್ಟಿನಲ್ಲಿ ಕೂತರೆ, ಫಿಲಮೆಂಟಿನಿಂದ ಆ ಕ್ಯಾಥೋಡಿಗೆ ಎಲೆಕ್ಟ್ರಾನ್ ಸೋರುವುದು ನಿಲ್ಲುತ್ತದೆ. ಆನ್ ಮಾಡಿದೆ. ಆಂಪ್ ಕೆಟ್ಟಿದೆಯೇನೋ ಅನ್ನುವಷ್ಟು ಮೌನ. ಗಿಟಾರ್ ಮೀಟಿದ ಮೇಲೇ ಜೀವ ಬಂದದ್ದು.

ದನಿಯ ಹದಕ್ಕೆ ಮಾಡಿದ್ದು ಕಮ್ಮಿ. 12ಎಎಕ್ಸ್7ರ ಒಳಗೆ ಟ್ರಯೋಡ್ ಅನ್ನುವ ಎರಡು ಭಾಗ ಇರುತ್ತವೆ; ಮೊದಲನೆಯದರ ಕ್ಯಾಥೋಡಿನಲ್ಲಿ 22 ಮೈಕ್ರೋಫ್ಯಾರಡ್ ಕಂಡೆನ್ಸರ್ ಇತ್ತು. ತಗ್ಗು ಸ್ವರಗಳೆಲ್ಲ ಜಾಸ್ತಿಯಾಗಿ ಸಣ್ಣ ಸ್ಪೀಕರ್ ಬೊಬ್ಬೆ ಹೊಡೆಯುತ್ತಿತ್ತು. 0.68 ಹಾಕಿದೆ. ಮಧ್ಯದ ಸ್ವರಗಳು ತಿಳಿಯಾದವು. ಅಷ್ಟು ಸಾಕು.

ನಿಜವಾದ ಬದಲಾವಣೆ ಬಂದದ್ದು, ವಾಲ್ವಿನಿಂದ ಸ್ಪೀಕರಿಗೆ ದನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ. ಇದ್ದದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್. ಅಷ್ಟು ಕಬ್ಬಿಣದಲ್ಲಿ ಅದು ಹೇಗೆ ದಾಟೀತು? ಹೊರದೇಶದಿಂದ ತರಿಸಿದರೆ ಆಂಪಿನ ಅರ್ಧ ಬೆಲೆ. ನಮ್ಮೂರಿನಲ್ಲಿ ಬೋರ್‌ವೆಲ್ ಮೋಟರ್ ಸುತ್ತುವ ಅಂಗಡಿಗಳಿಗೆ ಬರವಿಲ್ಲ. ನಮ್ಮ ಬೀದಿ ಕೊನೆಯಲ್ಲೇ ಒಂದಿದೆ. ಅದನ್ನು ನಡೆಸುವ ಹಿರಿಯರನ್ನು ನಾವೆಲ್ಲ ಚಾಚಾ ಅಂತಲೇ ಕರೆಯುವುದು.

ಲೆಕ್ಕ ಮನೆಯಲ್ಲೇ ಹಾಕಿಕೊಂಡು ಹೋದೆ. ಇಎಲ್84ಕ್ಕೆ ಬೇಕಾದ ಲೋಡು ಸುಮಾರು 5000 ಓಮ್ಸ್. ಸ್ಪೀಕರ್ 8 ಓಮ್ಸ್. ಭಾಗಿಸಿದರೆ 625. ಅದರ ವರ್ಗಮೂಲ 25. ಅಂದರೆ ಸ್ಪೀಕರ್ ಕಡೆಯ ಸೆಕೆಂಡರಿಯ ಒಂದು ಸುತ್ತಿಗೆ ವಾಲ್ವ್ ಕಡೆಯ ಪ್ರೈಮರಿಯಲ್ಲಿ 25 ಸುತ್ತು. ನಾನು 2500ಕ್ಕೆ 100 ಅಂತ ಇಟ್ಟುಕೊಂಡೆ. ಸ್ಟ್ಯಾಂಪಿಂಗ್, ಅಂದರೆ ಒಳಗಿನ ಕಬ್ಬಿಣದ ಪಟ್ಟಿಗಳ, ನಡುವಿನ ಕಾಲು 22 ಮಿಲಿಮೀಟರ್, ಪೇರಿಸಿದ ದಪ್ಪ 30. ಪ್ರೈಮರಿಗೆ 36 ನಂಬರ್ ತಂತಿ, ಸೆಕೆಂಡರಿಗೆ 22.

"ಇಷ್ಟು ಸಣ್ಣ ತಂತಿ ಯಾವ ಮೋಟರಿಗೆ ಬೇಟಾ?" ಅಂದರು ಚಾಚಾ.

"ಮೋಟರಿಗಲ್ಲ ಚಾಚಾ, ಹಾಡಿಗೆ," ಅಂದೆ.

ಅವರು ಕನ್ನಡಕ ಒರೆಸಿಕೊಂಡು ಕೂತರು. ಕೈಯಿಂದ ತಿರುಗಿಸುವ ಮೆಷಿನು. ಎಡಗೈಯ ಎರಡು ಬೆರಳ ನಡುವೆ ತಂತಿ ಜಾರಿ ಬರುತ್ತದೆ. ಕೂದಲಿಗಿಂತ ತುಸು ದಪ್ಪ, ಜಗ್ಗಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಸುತ್ತು ಉಬ್ಬುತ್ತದೆ. ಅವರ ಬೆರಳಿಗೆ ಆ ಹದ ಗೊತ್ತು. ಮೊದಲು 1250 ಸುತ್ತು, ಪದರ ಪದರಕ್ಕೂ ಮೈಲಾರ್ ಅನ್ನುವ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಸೆಕೆಂಡರಿಯ 100. ಮತ್ತೆ ಮೇಲೆ ಉಳಿದ 1250. ಹೀಗೆ ನಡುವೆ ಸಿಕ್ಕಿಸಿದರೆ ಮೇಲಿನ ಸ್ವರಗಳು ಮಂಕಾಗುವುದಿಲ್ಲ. ಎರಡೂವರೆ ತಾಸು ಹಿಡಿಯಿತು. ವಾರ್ನಿಷಿನಲ್ಲಿ ಮಾತ್ರ ಅದ್ದಬೇಡಿ, ಮೊದಲು ಕೇಳಿ ನೋಡುತ್ತೇನೆ ಅಂತ ಹೇಳಿ ತಂದೆ. ಅದ್ದಿದ ಮೇಲೆ ಎಲ್ಲ ಅಂಟಿಕೊಂಡು ಬಿಚ್ಚುವುದು ಕಷ್ಟ. ಆ ಮಾತು ನನ್ನನ್ನು ಉಳಿಸಿತು.

ಯಾಕೆಂದರೆ ಆ ರಾತ್ರಿ ದನಿ ಚೆನ್ನಾಗಿರಲಿಲ್ಲ. ದಪ್ಪ ತಂತಿ ಮೀಟಿದರೆ ತೊಯ್ದ ಡೊಳ್ಳು ಬಡಿದ ಹಾಗೆ. ಸುತ್ತು ಸರಿ, ತಂತಿ ಸರಿ. ಏನಾಯಿತು ಅಂತ ಒಂದು ಗಂಟೆವರೆಗೂ ಕೂತೆ. ಆಮೇಲೆ ಹೊಳೆಯಿತು. ತಪ್ಪು ನನ್ನದೇ. ಮಾಮೂಲಿ ಟ್ರಾನ್ಸ್‌ಫಾರ್ಮರಿನಲ್ಲಿ ಇ ಆಕಾರದ ಪಟ್ಟಿ ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಹೆಣೆಯುತ್ತಾರೆ. ಚಾಚಾ ಹಾಗೇ ಹೆಣೆದಿದ್ದರು. ನಾನು ಬೇರೆ ಹೇಳಿರಲಿಲ್ಲ. ಒಂದೇ ಪವರ್ ವಾಲ್ವ್ ಇರುವ ಆಂಪಿನಲ್ಲಿ ಪ್ರೈಮರಿಯೊಳಗೆ ಸದಾ ಡಿಸಿ ಹರಿಯುತ್ತಿರುತ್ತದೆ. ಕಬ್ಬಿಣದ ಪಟ್ಟಿಗಳ ನಡುವೆ ಸಣ್ಣ ಬಿರುಕೇ ಇಲ್ಲದಿದ್ದರೆ ಆ ಡಿಸಿಯೇ ಕಬ್ಬಿಣವನ್ನು ಕಾಂತದಿಂದ ತುಂಬಿಬಿಡುತ್ತದೆ. ಸ್ವರಕ್ಕೆ ಜಾಗ ಎಲ್ಲಿ?

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಹೇಳಿದೆ. ಚಾಚಾ ಪಟ್ಟಿಗಳನ್ನೆಲ್ಲ ಬಿಚ್ಚಿದರು. ಇ ಪಟ್ಟಿಗಳೆಲ್ಲ ಒಂದೇ ಕಡೆ, ಐ ಪಟ್ಟಿಗಳೆಲ್ಲ ಎದುರು ಕಡೆ. ನಡುವೆ ಹಾಳೆ ಇಡಬೇಕು, 0.1 ಮಿಲಿಮೀಟರಿನದು. ತಂತಿ ಅಳೆಯುವ ಮೈಕ್ರೋಮೀಟರ್ ಅವರ ಹತ್ತಿರ ಇತ್ತು. ಬಿಲ್ ಪುಸ್ತಕದ ಹಾಳೆ ಹಿಡಿದರು, ತೆಳು. ಕ್ಯಾಲೆಂಡರ್ ಹಾಳೆ ದಪ್ಪ. ಪಕ್ಕದ ಝೆರಾಕ್ಸ್ ಅಂಗಡಿಯ ಬಿಳಿ ಹಾಳೆ ಸರಿಯಾಗಿ ಕೂತಿತು. ಅಳತೆಗೆ ಕತ್ತರಿಸಿ, ನಡುವೆ ಇಟ್ಟು, ಪಟ್ಟಿ ಬಿಗಿದರು. ಕಾಂತದ ದಾರಿ ಆ ಹಾಳೆಯನ್ನು ಎರಡು ಸಲ ದಾಟುವುದರಿಂದ ಒಟ್ಟು ಬಿರುಕು 0.2.

ಸ್ಪೀಕರ್ ಸೇರಿಸಿ ಆನ್ ಮಾಡಿದೆ. ಇದನ್ನು ಬಿಡಿಸಿ ಹೇಳುವುದೇಕೆಂದರೆ, ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಿದರೆ ಪ್ರೈಮರಿಯಲ್ಲಿ ವೋಲ್ಟೇಜ್ ಸಿಕ್ಕಾಪಟ್ಟೆ ಏರಿ, ಅಷ್ಟು ಕಷ್ಟಪಟ್ಟು ಸುತ್ತಿದ್ದು ಒಳಗೇ ಸುಟ್ಟುಹೋಗಬಹುದು. ದಪ್ಪ ತಂತಿಯನ್ನು ಬಿಡುವಾಗಿ ಮೀಟಿದೆ. ಸ್ವರ ನೆಟ್ಟಗೆ ನಿಂತಿತು. ಜೋರಾಗಿ ಮೀಟಿದರೆ ಅಂಚಿನಲ್ಲಿ ಸ್ವಲ್ಪ ಒರಟು, ಮೆಲ್ಲಗೆ ಮೀಟಿದರೆ ತಿಳಿ. ಗುಂಡಿ ಮುಟ್ಟುವುದೇ ಬೇಡ, ಎಲ್ಲ ಬೆರಳಲ್ಲೇ. ಅಪ್ಪನ ರೇಡಿಯೋ ನೆನಪಾಗಿ ಕಣ್ಣು ತುಂಬಿತು.

ಆಮೇಲೆ ಹನ್ನೆರಡು ಇಂಚಿನ ಸ್ಪೀಕರ್ ತಂದು ಪ್ಲೈವುಡ್ ಡಬ್ಬಿಯಲ್ಲಿ ಕೂರಿಸಿದೆ. ಕೊಳ್ಳುವಾಗ ವ್ಯಾಟಿಗಿಂತ ಸೆನ್ಸಿಟಿವಿಟಿ, ಅಂದರೆ ಒಂದೇ ವ್ಯಾಟಿಗೆ ಎಷ್ಟು ಜೋರು ದನಿ ಕೊಡುತ್ತದೆ ಅನ್ನುವುದು, ನೋಡಿ. ಮೂರು ಡೆಸಿಬೆಲ್ ಜಾಸ್ತಿ ಇರುವ ಸ್ಪೀಕರ್ ಅಂದರೆ ಆಂಪಿನ ವ್ಯಾಟ್ ದುಪ್ಪಟ್ಟು ಮಾಡಿದ ಹಾಗೆ. ಗಣೇಶನ ಪೆಂಡಾಲಿನಲ್ಲಿ ಈಗ ಇದರ ಮುಂದೆ ಒಂದು ಮೈಕ್ ಇಡುತ್ತೇವೆ, ಸಾಕಾಗುತ್ತದೆ.

ವಾರ್ನಿಷ್ ಮಾಡಿಸಲು ಹೋದಾಗ ಆಂಪನ್ನೇ ಅಂಗಡಿಗೆ ಒಯ್ದಿದ್ದೆ. ಮೋಟರುಗಳ ನಡುವೆ ಸ್ಟೂಲಿನ ಮೇಲೆ ಕೂತು ಅರ್ಧ ಗಂಟೆ ನುಡಿಸಿದೆ. ಚಾಚಾ ಕೈಕೆಲಸ ಬಿಟ್ಟು ಕೇಳಿದರು. ನಿಲ್ಲಿಸಿ ಪ್ಲಗ್ ಕಿತ್ತ ಮೇಲೆ ಎದ್ದು ಬಂದು, ಮೋಟರಿಗೆ ಮಾಡುವ ಹಾಗೆ, ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಬಿಸಿ ಇಲ್ಲ ಬೇಟಾ," ಅಂದರು. "ಈಗ ಅದ್ದೋಣ."