ಮೈಸೂರಿಗೆ ಹೋದಾಗ ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ

ಮದುವೆಗೋ ಅರಮನೆ ನೋಡಲೋ ಮೈಸೂರಿಗೆ ಹೋಗುವವರು ಹಕ್ಕಿಗಳ ಫೋಟೊ ತೆಗೆಯಲು ಒಂದು ಬೆಳಿಗ್ಗೆಯನ್ನು ಕುಕ್ಕರಹಳ್ಳಿ ಕೆರೆಗೆ ಮೀಸಲಿಡಿ. ಸೂರ್ಯ ಹುಟ್ಟಿದ ಮೊದಲ ಒಂದೂವರೆ ಗಂಟೆ ಸಾಕು. ಆಮೇಲೆ ಬಿಸಿಲು ಬಿಳಿಚಿಕೊಳ್ಳುತ್ತದೆ. ವಾಕಿಂಗ್ ಬರುವವರಿಗೆ ಹಕ್ಕಿಗಳು ಒಗ್ಗಿಹೋಗಿವೆ. ಹಾಗಾಗಿ ದೊಡ್ಡ ಲೆನ್ಸ್ ಇಲ್ಲವೆಂದು ಕೊರಗಬೇಡಿ, 300 ಎಂಎಂ ಲೆನ್ಸ್ ಇದ್ದರೂ ನಡೆಯುತ್ತದೆ.

ಹೆಜ್ಜಾರ್ಲೆ (ಪೆಲಿಕನ್), ಬೆಳ್ಳಕ್ಕಿಗಳ ಫೋಟೊ ತೆಗೆಯುವಾಗ ನಾನು ಬಹಳ ಕಾಲ ಎಡವಿದ್ದೇನೆ. ಸುತ್ತಲಿನ ನೀರು ಕಪ್ಪಗಿರುವುದರಿಂದ ಕ್ಯಾಮೆರಾ ಬೆಳಕು ಹೆಚ್ಚಿಸಿಬಿಡುತ್ತದೆ. ಗರಿಗಳ ಗೆರೆಯೇ ಕಾಣದೆ ಹಕ್ಕಿ ಸುಣ್ಣದ ಮುದ್ದೆಯಾಗುತ್ತದೆ. ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಮುಕ್ಕಾಲು ಅಥವಾ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿಕೊಳ್ಳಿ. ಹಾರುವ ಹಕ್ಕಿಗೆ ಶಟರ್ ವೇಗ 1/1600 ಸೆಕೆಂಡ್ ಇರಲಿ.

ಹಾವಿನಂಥ ಉದ್ದ ಕತ್ತಿನ ಹಾವಕ್ಕಿ (ಡಾರ್ಟರ್) ಸಿಕ್ಕರೆ ಅವಸರ ಬೇಡ. ಅದರ ಗರಿ ನೀರು ಹೀರುತ್ತದೆ, ಮುಳುಗಿ ಎದ್ದ ಮೇಲೆ ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸಲೇಬೇಕು. ಸೂರ್ಯ ನಿಮ್ಮ ಬೆನ್ನಿಗೆ ಬರುವಂತೆ ನಿಧಾನವಾಗಿ ಸುತ್ತಿ ಬನ್ನಿ, ರೆಕ್ಕೆಯ ಬೆಳ್ಳಿಗೆರೆಗಳು ಒಂದೊಂದಾಗಿ ಮೂಡುತ್ತವೆ.

ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಲೂ ಬೇಡಿ. ಕಾರಂಜಿ ಕೆರೆಯನ್ನೂ ನೋಡುವುದಿದ್ದರೆ ಮಂಗಳವಾರ ಬಿಟ್ಟು ಹೋಗಿ, ಅಂದು ರಜೆ.