"ಇಲ್ಲಿ ಕ್ಲಿಕ್ ಮಾಡಿ" ತೆಗೆದ ಮೇಲೆ

ಅಡಿಕೆ ಬೆಳೆಗಾರರಿಗೆಂದು ಒಂದು ಕನ್ನಡ ವೆಬ್‌ಸೈಟ್ ನಡೆಸುತ್ತಿದ್ದೇನೆ. ಅದರಲ್ಲಿ ನಾನು ತುಂಬ ಕಷ್ಟಪಟ್ಟು ಬರೆದದ್ದು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪುಟ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸುವ ಕ್ರಮ, ಫೋಟೋ ಸಮೇತ. ಮಳೆ ಹಿಡಿಯುವ ಹೊತ್ತಿಗೆ ರೈತರು ಹುಡುಕುವುದೇ ಇದನ್ನು. ಗೂಗಲ್‌ನಲ್ಲಿ ಮಾತ್ರ ಅದು ಎಲ್ಲೋ ಹಿಂದೆ ಬಿದ್ದಿತ್ತು.

ಒಂದು ಸಂಜೆ ಕೂತು, ನಮ್ಮದೇ ಬೇರೆ ಪುಟಗಳಿಂದ ಅಲ್ಲಿಗೆ ಹೋಗುವ ಲಿಂಕ್‌ಗಳನ್ನೆಲ್ಲ ಪಟ್ಟಿ ಮಾಡಿದೆ. ಹೆಚ್ಚಿನವು "ಇಲ್ಲಿ ಕ್ಲಿಕ್ ಮಾಡಿ", ಉಳಿದವು "ಮುಂದೆ ಓದಿ". ಮನಸ್ಸಿಗೆ ಬೇಸರವಾಯಿತು. ಲಿಂಕ್ ಹೊತ್ತ ಪದಗಳು, ಅಂದರೆ ಆ್ಯಂಕರ್ ಟೆಕ್ಸ್ಟ್, ಅದು ತೋರಿಸುವ ಪುಟದ ವಿವರಣೆಯೂ ಹೌದು ಎಂದು ಗೂಗಲ್ ಕಟ್ಟಿದ ಸೆರ್ಗೆ ಬ್ರಿನ್, ಲ್ಯಾರಿ ಪೇಜ್ 1998ರ ಪ್ರಬಂಧದಲ್ಲೇ ಬರೆದಿದ್ದರು. ಅದರ ಬಲ ಎಷ್ಟೆಂದು 2003ರಲ್ಲಿ ಎಲ್ಲರೂ ಕಂಡರು: "ಮಿಸರಬಲ್ ಫೇಲ್ಯೂರ್" (ದಯನೀಯ ಸೋಲು) ಎಂದು ಹುಡುಕಿದರೆ ಆಗಿನ ಅಮೆರಿಕ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯದ ಪುಟ ಮೊದಲು ಬರುತ್ತಿತ್ತು. ಆ ಪುಟದಲ್ಲಿ ಆ ಮಾತೇ ಇರಲಿಲ್ಲ. ಲಿಂಕ್ ಕೊಟ್ಟವರು ಹಾಗೆ ಬರೆದಿದ್ದರು, ಅಷ್ಟೆ. 2007ರಲ್ಲಿ ಗೂಗಲ್ ಇಂಥದ್ದಕ್ಕೆ ಕಡಿವಾಣ ಹಾಕಿತು.

ಮೊದಲು ಗೂಗಲ್ ಸೈಟ್ ನಡೆಸುವವರಿಗೆ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಜನ ಏನೆಂದು ಹುಡುಕಿ ಬರುತ್ತಾರೆ ನೋಡಿದೆ. ನಾನು "ಶಿಲೀಂಧ್ರನಾಶಕ ತಯಾರಿಕೆ" ಎಂದು ಬರೆದಿದ್ದೆ. ಅವರು ಕೇಳುತ್ತಿದ್ದದ್ದು "ಬೋರ್ಡೋ ಮಾಡುವ ವಿಧಾನ", "ಅಡಿಕೆ ಕೊಳೆರೋಗ ಔಷಧಿ". ಆಮೇಲೆ ವಾಕ್ಯಗಳನ್ನು ಒಂದೊಂದಾಗಿ ತಿದ್ದಿದೆ. "ಮಳೆ ಬಿಡುವು ಕೊಟ್ಟಾಗ ಎರಡನೇ ಸಲ ಹೊಡೆಯಿರಿ, ವಿವರಕ್ಕೆ ಇಲ್ಲಿ ಕ್ಲಿಕ್ ಮಾಡಿ" ಎಂದಿದ್ದದ್ದು "ಮಳೆ ಬಿಡುವು ಕೊಟ್ಟಾಗ ಅಂದೇ ಬೋರ್ಡೋ ದ್ರಾವಣ ತಯಾರಿಸಿ ಎರಡನೇ ಸಲ ಹೊಡೆಯಿರಿ" ಎಂದಾಯಿತು. ಲಿಂಕ್ ನಡುವಿನ ಮೂರು ಪದಗಳಿಗೆ. ಫೋಟೋಗೆ ಲಿಂಕ್ ಇದ್ದ ಕಡೆ ಆಲ್ಟ್ ಟೆಕ್ಸ್ಟ್, ಅಂದರೆ ಫೋಟೋದಲ್ಲಿ ಏನಿದೆ ಎಂದು ಹೇಳುವ ಬರಹ, ಖಾಲಿ ಇತ್ತು. ಅಲ್ಲಿ ಆ್ಯಂಕರ್‌ನ ಕೆಲಸ ಮಾಡುವುದೇ ಅದು, ಆದ್ದರಿಂದ ಅದನ್ನೂ ತುಂಬಿದೆ. ಮುಂದಿನ ಮಳೆಗಾಲದೊಳಗೆ ಪುಟ ಮೇಲೆ ಬಂತು. ಜೊತೆಗೆ ಶೀರ್ಷಿಕೆಯನ್ನೂ ಬದಲಿಸಿದ್ದೆ, ಹಾಗಾಗಿ ಪೂರ್ತಿ ಶ್ರೇಯ ಲಿಂಕ್‌ಗೇ ಕೊಡಲಾರೆ.

ಬೇರೆ ಸೈಟ್‌ಗಳಿಂದ ನಮಗೆ ಬರುವ ಲಿಂಕ್‌ಗಳ ತಂಟೆಗೆ ಮಾತ್ರ ಹೋಗಲಿಲ್ಲ. ಹಿಂದೆ ಬೇರೊಬ್ಬರ ಇಂಗ್ಲಿಷ್ ಸೈಟ್‌ಗೆ ಕೆಲಸ ಮಾಡುವಾಗ, ಒಂದೇ ಕೀವರ್ಡ್ (ಜನ ಹುಡುಕುವ ಪದ) ಇಟ್ಟು ದುಡ್ಡು ಕೊಟ್ಟು ಲಿಂಕ್ ಹಾಕಿಸಿದ್ದೆವು. 2012ರ ಏಪ್ರಿಲ್ 24ರಂದು, ಇಂಥ ಲಿಂಕ್ ಇರುವ ಸೈಟ್‌ಗಳನ್ನು ಹಿಂದೆ ತಳ್ಳುವ ಗೂಗಲ್‌ನ ಪೆಂಗ್ವಿನ್ ಅಪ್‌ಡೇಟ್ ಬಂತು. ಆ ಸೈಟ್ ನೆಲ ಕಚ್ಚಿತು. ಲಿಂಕ್ ತೆಗೆಯಿರಿ ಎಂದು ಕಂಡಕಂಡವರಿಗೆ ಮೇಲ್ ಬರೆದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ ಡಿಸವೋ ಟೂಲ್ ಬಂದ ಮೇಲೆ ಉಳಿದವನ್ನು ಅದರಲ್ಲಿ ಹಾಕಿದೆ. ಆ ತಿಂಗಳುಗಳ ನಿದ್ದೆಗೇಡು ಇನ್ನೂ ನೆನಪಿದೆ.

ಮೊನ್ನೆ ಒಬ್ಬ ಬೆಳೆಗಾರರು ತಮ್ಮ ಬರಹದಲ್ಲಿ ನಮಗೆ ಲಿಂಕ್ ಕೊಟ್ಟಿದ್ದರು: "ಸುಣ್ಣ ಮೊದಲೋ ತುತ್ತ ಮೊದಲೋ ಅಂತ ಇವರು ಚೆನ್ನಾಗಿ ಹೇಳಿದಾರೆ." ಕೀವರ್ಡ್ ಹಾಕಿ ಎಂದು ನಾನು ಕೇಳಲಿಲ್ಲ. ಅವರ ಮಾತು ಹಾಗೇ ಇದೆ.